ಹಳೆಯ ಕ್ಷೌರದ ಕತ್ತಿ: ಗುರುತಿಸುವ ಮತ್ತು ಸರಿಪಡಿಸುವ ಬಗೆ

ಕೊಡಗಿನ ತೋಟದ ಬಂಗಲೆಗಳಲ್ಲಿ, ಕೊಡವ ಮನೆತನಗಳ ಮೂಲಮನೆಗಳಾದ ಐನ್‌ಮನೆಗಳ ಅಟ್ಟದ ಪೆಟ್ಟಿಗೆಗಳಲ್ಲಿ ಮಡಚುವ ಕ್ಷೌರದ ಕತ್ತಿಗಳು ಈಗಲೂ ಸಿಗುವುದುಂಟು. 1834ರಲ್ಲಿ ಕೊಡಗು ಬ್ರಿಟಿಷರ ಆಳ್ವಿಕೆಗೆ ಸೇರಿತು, 1854ರ ಸುಮಾರಿಗೆ ಮಡಿಕೇರಿಯ ಬಳಿ ಐರೋಪ್ಯರ ಕಾಫಿ ತೋಟ ಶುರುವಾಯಿತು, ಮುಂದೆ ಕೊಡಗಿನವರು ದೊಡ್ಡ ಸಂಖ್ಯೆಯಲ್ಲಿ ಸೇನೆಗೂ ಸೇರಿದರು; ಹೀಗಾಗಿ ಇಂಗ್ಲೆಂಡಿನ ಷೆಫೀಲ್ಡ್, ಜರ್ಮನಿಯ ಸೋಲಿಂಗನ್ ಊರುಗಳ ಉಕ್ಕು ಇಲ್ಲಿಗೆ ಬರಲು ದಾರಿಗಳು ಹಲವಿದ್ದವು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಒರೆಸಿ ಪೂಜೆಗಿಡುವ ಮನೆಗಳಲ್ಲಿಯೂ ಆ ಸಾಲಿನಲ್ಲಿ ಕ್ಷೌರದ ಕತ್ತಿಗೆ ಸಾಮಾನ್ಯವಾಗಿ ಜಾಗವಿಲ್ಲದ ಕಾರಣ, ಅದು ಹೆಚ್ಚಾಗಿ ತುಕ್ಕು ಹಿಡಿದ ಸ್ಥಿತಿಯಲ್ಲೇ ಕೈಗೆ ಬರುತ್ತದೆ.

ಬಂದ ಕೂಡಲೇ ಅದನ್ನು ಉಜ್ಜಲು ಕೂರಬಾರದು. ಕತ್ತಿಯ ಊರು, ತಯಾರಕ, ಕಾಲ ಎಲ್ಲವೂ ಅಲಗು ಮತ್ತು ತಿರುಗುಣಿಯ ನಡುವಿನ ಬುಡದ ಮೇಲೆ ಅಚ್ಚೊತ್ತಿದ ಕೆಲವೇ ಅಕ್ಷರಗಳಲ್ಲಿರುತ್ತವೆ, ಮತ್ತು ಮರಳು ಕಾಗದ ಮೊದಲು ಅಳಿಸುವುದು ಅವನ್ನೇ. ಮೆತ್ತನೆಯ ಬಟ್ಟೆಗೆ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಬುಡವನ್ನು ಒರೆಸಿ, ಓರೆಯಾಗಿ ಬೆಳಕು ಬೀಳಿಸಿ, ಭೂತಗನ್ನಡಿಯಲ್ಲಿ ಓದಬೇಕು. ಓದಿದ್ದನ್ನು ಫೋಟೊ ತೆಗೆದಿಟ್ಟುಕೊಳ್ಳಬೇಕು.

ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಜೋಡಿ ಗುರುತಿದ್ದರೆ ಅದು ಷೆಫೀಲ್ಡಿನ ಜೋಸೆಫ್ ರಾಜರ್ಸ್ ಸಂಸ್ಥೆಯದು. ಐ, ಎಕ್ಸ್, ಎಲ್ ಎಂಬ ಮೂರು ಅಕ್ಷರಗಳು ಅದೇ ಊರಿನ ಜಾರ್ಜ್ ವೋಸ್ಟನ್‌ಹೋಮ್‌ನವು. ಜೋಡಿ ಬೊಂಬೆಗಳು ಸೋಲಿಂಗನ್‌ನ ಹೆಂಕೆಲ್ಸ್‌ನವು, ಮರದ ಚಿತ್ರ ಬೋಕರ್‌ನದು. ಕಿರೀಟದ ಎರಡೂ ಬದಿಯಲ್ಲಿರುವ ಅಕ್ಷರಗಳು ಕಾಲವನ್ನು ಹೇಳುತ್ತವೆ: ಡಬ್ಲ್ಯೂ.ಆರ್. ಇದ್ದರೆ ನಾಲ್ಕನೇ ವಿಲಿಯಂ ಆಳಿದ 1830ರಿಂದ 1837, ವಿ.ಆರ್. ಇದ್ದರೆ ವಿಕ್ಟೋರಿಯಾ ರಾಣಿಯ 1837ರಿಂದ 1901. ಜಿ.ಆರ್. ಮಾತ್ರ ಗೊಂದಲದ ಗುರುತು, ಏಕೆಂದರೆ ಜಾರ್ಜ್ ಹೆಸರಿನ ದೊರೆಗಳು 1830ರವರೆಗೂ ಇದ್ದರು, 1910ರ ಬಳಿಕ ಮತ್ತೆ ಬಂದರು. ಅಲ್ಲಿ ಅಲಗಿನ ಆಕಾರವನ್ನೇ ನೆಚ್ಚಬೇಕು. ಹಳೆಯ ಅಲಗುಗಳು ಅಡ್ಡಸೀಳಿನಲ್ಲಿ ಬೆಣೆಯಂತೆ ದಪ್ಪವಾಗಿದ್ದು ತೂಕವಾಗಿರುತ್ತವೆ, ಅವುಗಳಲ್ಲಿ ಅತಿ ಹಳೆಯವಕ್ಕೆ ಬೆರಳಿಡುವ ಬಾಲ ತೀರ ಗಿಡ್ಡ ಅಥವಾ ಇಲ್ಲವೇ ಇಲ್ಲ. ಎರಡೂ ಬದಿ ಆಳವಾಗಿ ಕುಳಿ ತೆಗೆದು ಉಗುರಿನೊತ್ತಿಗೆ ಬಾಗುವಷ್ಟು ತೆಳುವಾದ ಅಲಗುಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಈಚಿನವು.

ಊರಿನ ಹೆಸರಿದ್ದು ದೇಶದ ಹೆಸರಿಲ್ಲದಿದ್ದರೆ ಕತ್ತಿ 1891ಕ್ಕಿಂತ ಹಳೆಯದು ಎಂಬ ಸೂತ್ರವನ್ನು ಹಲವರು ಕಣ್ಣುಮುಚ್ಚಿ ಒಪ್ಪುತ್ತಾರೆ. ಅದರ ಮೂಲ 1890ರ ಅಮೆರಿಕದ ಸುಂಕದ ಕಾಯ್ದೆ. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅದು ಕಡ್ಡಾಯ ಮಾಡಿತು. ಇಂಡಿಯಾದ ಮಾರುಕಟ್ಟೆಗೆಂದು ಮಾಡಿದ ಕತ್ತಿಗೆ ಆ ಕಾಯ್ದೆಯ ಕಟ್ಟುಪಾಡು ಇರಲಿಲ್ಲವಾದ್ದರಿಂದ, ನಮ್ಮಲ್ಲಿ ಸಿಗುವವಕ್ಕೆ ಅದನ್ನು ಸುಳಿವೆಂದು ಬಳಸಬಹುದೇ ಹೊರತು ತೀರ್ಪೆಂದಲ್ಲ. ‘ಸ್ಟೇನ್‌ಲೆಸ್’ ಎಂದು ಬರೆದಿದ್ದರೆ ಮಾತ್ರ ಕತ್ತಿ 1913ಕ್ಕಿಂತ ಹಳೆಯದಲ್ಲ ಎಂಬುದರಲ್ಲಿ ಸಂಶಯವಿಲ್ಲ: ಷೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಆ ಉಕ್ಕನ್ನು ಕರಗಿಸಿದ್ದು 1913ರಲ್ಲಿ.

ಹಿಡಿಯ ವಸ್ತುವನ್ನೂ ಇದೇ ಹಂತದಲ್ಲಿ ತಿಳಿದುಕೊಳ್ಳಬೇಕು. ಕೊಂಬು ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಅರೆಪಾರದರ್ಶಕವಾಗಿ ಕಾಣುತ್ತದೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೆರೆಗಳಿರುತ್ತವೆ. ದಂತದ ಅಡ್ಡಸೀಳಿನಲ್ಲಿ ಒಂದನ್ನೊಂದು ಕತ್ತರಿಸುವ ಬಾಗಿದ ಗೆರೆಗಳ ಬಲೆ ಕಾಣುತ್ತದೆ. ಬೆರಳಿನಿಂದ ಜೋರಾಗಿ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್. ಅದು ಥಟ್ಟನೆ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಕಾಯಿಸಿದ ಸೂಜಿ ಚುಚ್ಚಿ ನೋಡುವ ಪರೀಕ್ಷೆಯನ್ನು ಯಾವ ಹಿಡಿಯ ಮೇಲೂ ಮಾಡಬಾರದು. ದಂತವೆಂದು ಅನುಮಾನ ಬಂದರೆ ಮಾರುವ, ಕೊಳ್ಳುವ ಮಾತನ್ನೇ ಎತ್ತದೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಆನೆ ಇದೆ.

ಇನ್ನು ಈ ಕತ್ತಿ ದುಡಿಯಬಲ್ಲದೇ ಎಂಬ ಪ್ರಶ್ನೆ. ಅಲಗಿನ ಬಾಯಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಗಾಜಿನ ಕಪಾಟಿಗೆ ಮಾತ್ರ ಯೋಗ್ಯ. ಬೆನ್ನಿನ ಮೇಲಿನ ಗುಳಿಗಳಿಂದ ತೊಂದರೆಯಿಲ್ಲ, ಬಾಯಿಯ ಪಕ್ಕದ ಆಳವಾದ ಗುಳಿಗಳು ಮಾತ್ರ ಮಸೆದಷ್ಟೂ ಹೊಸ ಹಲ್ಲುಗಳಾಗಿ ತೆರೆದುಕೊಳ್ಳುತ್ತವೆ. ಬಾಯಿಯ ಹತ್ತಿರ ಉಕ್ಕು ನೀಲಿಗಟ್ಟಿದ್ದರೆ ಯಾರೋ ಅದನ್ನು ಯಂತ್ರದ ಸಾಣೆಗೆ ಹಿಡಿದು ಕಾಯಿಸಿದ್ದಾರೆಂದೇ ಅರ್ಥ. ಹದ ಕಳೆದುಕೊಂಡ ಆ ಉಕ್ಕು ಹರಿತವನ್ನು ಹಿಡಿದಿಟ್ಟುಕೊಳ್ಳಲಾರದು.

ತುಕ್ಕು ತೆಗೆಯುವಾಗ ಮೊದಲು ಬಾಯಿಯುದ್ದಕ್ಕೂ ದಪ್ಪ ಟೇಪು ಅಂಟಿಸಬೇಕು. ಹಿಡಿಗೆ ತಾಗದಂತೆ ಅಲಗಿಗೆ ಮಾತ್ರ ಸೀಮೆಎಣ್ಣೆ ಸವರಿ ಒಂದು ರಾತ್ರಿ ಬಿಟ್ಟರೆ ಕೆಂಪು ತುಕ್ಕು ಮೆತ್ತಗಾಗುತ್ತದೆ. ಉಳಿದದ್ದಕ್ಕೆ ಅತಿ ನಯವಾದ ಉಕ್ಕಿನ ನಾರು, ಆಮೇಲೆ ಬೇಕಿದ್ದರೆ ವಾಟರ್ ಪೇಪರ್. 600ನೇ ನಂಬರಿನ (ನಂಬರು ಹೆಚ್ಚಿದಷ್ಟೂ ನಯ) ಕಾಗದವನ್ನು ಬಾಟಲಿಯ ಬಿರಡೆಗೆ ಸುತ್ತಿ, ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯುತ್ತ, ಕ್ರಮವಾಗಿ 1000, 2000ಕ್ಕೆ ಹೋಗಬಹುದು. ಹುಣಸೆಹಣ್ಣು, ನಿಂಬೆ, ಅದರಲ್ಲೂ ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿಯಿಂದ ತುಕ್ಕು ಬೇಗ ಬಿಡುತ್ತದೆಂಬುದು ನಿಜವಾದರೂ, ಆ ಹುಳಿ ತುಕ್ಕಿನ ಜೊತೆಗೆ ಉಕ್ಕನ್ನೂ ತಿಂದು ಮಂಕು ಬೂದು ಬಣ್ಣ ಬಿಡುತ್ತದೆ. ಕಾಚಂಪುಳಿ ಪಂದಿಕರಿಗೇ, ಹಂದಿಮಾಂಸದ ಸಾರಿಗೇ, ಇರಲಿ. ಅಲಗಿನ ಮೇಲೆ ಚಿನ್ನದ ಬಣ್ಣದ ಬರಹವಿದ್ದರೆ ಅದರ ಮೇಲೆ ಪಾಲಿಶ್ ತಾಗಿಸಲೇಬಾರದು, ನಾಲ್ಕು ಉಜ್ಜಿಗೆ ಅದು ಮಾಯವಾಗುತ್ತದೆ. ಬಫಿಂಗ್ ಯಂತ್ರವನ್ನಂತೂ ಮುಟ್ಟಬಾರದು: ಚಕ್ರ ಅಲಗನ್ನು ಕಿತ್ತು ಎಸೆಯಬಲ್ಲದು. ಗುಳಿಗಳ ತಳದ ಕಪ್ಪು ಕಲೆ ಉಳಿದರೆ ಉಳಿಯಲಿ. ಕನ್ನಡಿಯಂತೆ ಹೊಳೆಯುವ, ಅಚ್ಚು ಅಳಿಸಿಹೋದ ಕತ್ತಿಗಿಂತ ಕಲೆಯಿರುವ, ಹೆಸರು ಓದಲು ಬರುವ ಕತ್ತಿಯೇ ನನ್ನ ಲೆಕ್ಕದಲ್ಲಿ ಮೇಲು.

ಹಿಡಿ ಗಟ್ಟಿಯಾಗಿದ್ದರೆ ಬಿಚ್ಚುವ ಅಗತ್ಯವಿಲ್ಲ. ತಿರುಗುಣಿ ಸಡಿಲವಾಗಿದ್ದರೆ ರಿವೆಟಿನ ತಲೆಗೆ ಚಿಕ್ಕ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಸಾಕು. ಒಡೆದ ಹಿಡಿಯನ್ನು ಬದಲಿಸಲೇಬೇಕಾದಾಗ ರಿವೆಟಿನ ತಲೆಯನ್ನು ಅರದಿಂದ ಸವೆಸಿ ಹೊರದೂಡಿ, ಹಳೆಯ ಹಿಡಿಯನ್ನೇ ಅಳತೆಯಾಗಿಟ್ಟುಕೊಂಡು ಮೂರು ಮಿಲಿಮೀಟರ್ ದಪ್ಪದ ಎರಡು ಹಲಗೆ ಕೊಯ್ಯಬೇಕು. ಮುರಿದ ಹಳೆಯ ಪೀಠೋಪಕರಣದ ಬೀಟೆಯ ತುಂಡು ಇದಕ್ಕೆ ಬಹಳ ಒಪ್ಪುತ್ತದೆ. ಹೊಸ ರಿವೆಟಿಗೆ ಸುಮಾರು 1.6 ಮಿಲಿಮೀಟರಿನ ಹಿತ್ತಾಳೆ ಸರಳು ಸಾಕು.

ಮಸೆಯುವುದರಲ್ಲಿ ಅಡುಗೆಮನೆಯ ಕತ್ತಿಯ ಅಭ್ಯಾಸ ಅಡ್ಡಬರುತ್ತದೆ. ಇಲ್ಲಿ ಕೋನವನ್ನು ಕೈ ನಿರ್ಧರಿಸುವುದಿಲ್ಲ. ಬೆನ್ನಿನ ದಪ್ಪವೇ ನಿರ್ಧರಿಸುತ್ತದೆ. ಬೆನ್ನು ಮತ್ತು ಬಾಯಿ ಎರಡನ್ನೂ ಸಮತಟ್ಟಾದ ಸಾಣೆಕಲ್ಲಿನ ಮೇಲೆ ಒಟ್ಟಿಗೆ ಮಲಗಿಸಿ, ಬಾಯಿ ಮುಂದಾಗಿ, ಒತ್ತಡವಿಲ್ಲದೆ ದೂಡಬೇಕು. ಅಲಗು ಕಲ್ಲಿನ ಅಗಲಕ್ಕಿಂತ ಉದ್ದವಾಗಿರುವುದರಿಂದ ಓರೆಯಾಗಿ ಎಳೆಯುತ್ತ ಬುಡದಿಂದ ತುದಿಯವರೆಗೆ ಎಲ್ಲವೂ ಕಲ್ಲಿಗೆ ತಾಗುವಂತೆ ನೋಡಿಕೊಳ್ಳಬೇಕು. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕೇ ವಿನಾ ಬಾಯಿಯ ಮೇಲಲ್ಲ. 1000ದ ಕಲ್ಲಿನಲ್ಲಿ ಇಡೀ ಬಾಯಿಗೆ ಎರಡೂ ಬದಿಯಿಂದ ಸಮನಾದ ಅಂಚು ಕೂಡುವವರೆಗೆ ಮುಂದಿನ ಕಲ್ಲಿಗೆ ಹೋಗಬಾರದು, ಏಕೆಂದರೆ ಅಲ್ಲಿ ಉಳಿದ ಕೊರತೆಯನ್ನು 4000, 8000, 12000ದ ಕಲ್ಲುಗಳು ನುಣುಪು ಮಾಡುತ್ತವೆಯೇ ಹೊರತು ತುಂಬಿಕೊಡುವುದಿಲ್ಲ. ಕೊನೆಗೆ ಮೊದಲು ಕ್ಯಾನ್ವಾಸ್, ಆಮೇಲೆ ಚರ್ಮದ ಪಟ್ಟಿಯ ಮೇಲೆ, ಈ ಬಾರಿ ಬೆನ್ನು ಮುಂದಾಗಿ, ಐವತ್ತರಷ್ಟು ಸಲ ಎಳೆಯಬೇಕು. ಮುಂಗೈಯ ಕೂದಲು ಚರ್ಮಕ್ಕೆ ತಾಗುವ ಮೊದಲೇ ತುಂಡಾದರೆ ಕತ್ತಿ ಮುಖಕ್ಕೆ ಸಿದ್ಧ. ಬಳಸುವ ಮುನ್ನ ಸ್ಪಿರಿಟ್ಟಿನಿಂದ ಒರೆಸಬೇಕು; ಬ್ಲೀಚಿಂಗ್ ದ್ರಾವಣ ಉಕ್ಕಿಗೆ ಗುಳಿ ಬೀಳಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ಒದ್ದೆ ಕತ್ತಿಯನ್ನು ಮಡಚಿಟ್ಟರೆ ಒಂದೇ ರಾತ್ರಿಯಲ್ಲಿ ಚುಕ್ಕೆ ಏಳುತ್ತದೆ. ತಿರುಗುಣಿಯ ಸಂದಿಯವರೆಗೂ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಅದು ಬೇಡ. ಸೆಲ್ಯುಲಾಯ್ಡ್ ಹಿಡಿಯವನ್ನು ಮಾತ್ರ ಬೇರೆಯಾಗಿ, ಗಾಳಿಯಾಡುವಂತೆ ಇಡಬೇಕು, ಏಕೆಂದರೆ ಕೆಡತೊಡಗಿದ ಸೆಲ್ಯುಲಾಯ್ಡ್ ಬಿಡುವ ಆಮ್ಲದ ಆವಿ ತನ್ನ ಅಲಗನ್ನಲ್ಲದೆ ಅದೇ ಡಬ್ಬಿಯ ಇತರ ಅಲಗುಗಳನ್ನೂ ತುಕ್ಕು ಹಿಡಿಸುತ್ತದೆ.