ನಕ್ಷತ್ರಗುಚ್ಛಗಳಿಂದ ಆಕಾಶಗಂಗೆಯ ಹಳೇ ಕಥೆ ತಿಳಿಯುವುದು ಹೇಗೆ?

ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ನನಗೆ ಈ ಪ್ರಶ್ನೆ ಬಂದೇ ಬರುತ್ತದೆ: "ಸರ್, ನಕ್ಷತ್ರದ ವಯಸ್ಸು ಹೇಗೆ ಗೊತ್ತಾಗುತ್ತೆ?" ಒಂಟಿ ನಕ್ಷತ್ರದ್ದು ಕಷ್ಟ, ಗುಚ್ಛದ್ದು ಸುಲಭ. ಗುಚ್ಛದ ನಕ್ಷತ್ರಗಳು ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು, ನಮ್ಮಿಂದ ಒಂದೇ ದೂರದಲ್ಲಿರುವವು. ಹೆಚ್ಚು ತೂಕದವು ಬೇಗ ಇಂಧನ ಮುಗಿಸುತ್ತವೆ. ಈಗ ಯಾವ ತೂಕದವು ಮುಗಿಸುತ್ತಿವೆ ಅಂತ ನೋಡಿದರೆ ವಯಸ್ಸು ಸಿಕ್ಕಿತು. ದೂರದರ್ಶಕ ಬೇಡ, ಲ್ಯಾಪ್‌ಟಾಪ್ ಸಾಕು.

ಕರ್ಕಾಟಕ ರಾಶಿಯ ಎಂ67 ಎಂಬ ಗುಚ್ಛದಿಂದ ಶುರು ಮಾಡಿ. ಕೃತ್ತಿಕೆ ಎಲ್ಲರಿಗೂ ಇಷ್ಟ, ಆದರೆ ಅದು ತೀರಾ ಎಳೆಯದು. ನಕ್ಷತ್ರಗಳ ಜಾಗ, ದೂರ ಅಳೆದ ಗಾಯಾ ಉಪಗ್ರಹದ ಆರ್ಕೈವ್‌ನಲ್ಲಿ, 2022ರ ಮೂರನೇ ಬಿಡುಗಡೆಯಿಂದ, ಎಂ67ರ ಸುತ್ತ ಅರ್ಧ ಡಿಗ್ರಿಯೊಳಗಿನದನ್ನೆಲ್ಲ ಇಳಿಸಿಕೊಳ್ಳಿ. ಸಾವಿರಾರು ನಕ್ಷತ್ರ ಬರುತ್ತವೆ. ಬಹುಪಾಲು ಗುಚ್ಛಕ್ಕೆ ಸಂಬಂಧವೇ ಇಲ್ಲದವು. ಸೋಸುವುದೇ ಅರ್ಧ ಕೆಲಸ. ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ, ಇದರಿಂದ ದೂರ ತಿಳಿಯುತ್ತದೆ) 1.0ರಿಂದ 1.3 ಮಿಲಿಆರ್ಕ್‌ಸೆಕೆಂಡ್ (ಡಿಗ್ರಿಯ 36 ಲಕ್ಷದಲ್ಲಿ ಒಂದು ಪಾಲು) ಇರಬೇಕು. ವರ್ಷಕ್ಕೆ ಪಶ್ಚಿಮಕ್ಕೆ ಸುಮಾರು 11, ದಕ್ಷಿಣಕ್ಕೆ ಸುಮಾರು 3 ಮಿಲಿಆರ್ಕ್‌ಸೆಕೆಂಡ್ ಸರಿಯುತ್ತಿರಬೇಕು. 17ನೇ ಪ್ರಕಾಶಾಂಕಕ್ಕಿಂತ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟು ಮಸುಕು) ಮಸುಕಾದವನ್ನು ಬಿಟ್ಟುಬಿಡಿ, ಅಲ್ಲಿ ಅಳತೆ ಅಷ್ಟು ಬಿಗಿಯಾಗಿಲ್ಲ.

ಉಳಿದವನ್ನು ಟಾಪ್‌ಕ್ಯಾಟ್ ಎಂಬ ಉಚಿತ ತಂತ್ರಾಂಶದಲ್ಲಿ ಹಾಕಿ. ಅಡ್ಡಕ್ಕೆ ಬಿಪಿ-ಆರ್‌ಪಿ ಬಣ್ಣ (ನೀಲಿ, ಕೆಂಪು ಪ್ರಕಾಶಾಂಕಗಳ ವ್ಯತ್ಯಾಸ), ಉದ್ದಕ್ಕೆ ಜಿ ಪ್ರಕಾಶಾಂಕ (ಗಾಯಾ ಅಳೆದ ಒಟ್ಟು ಹೊಳಪು), ಬೆಳಗುವವು ಮೇಲೆ. ಕೆಳಗಿನಿಂದ ಏರುವ ಗೆರೆ 13-14ರ ಹತ್ತಿರ ಮೊಣಕೈಯಂತೆ ಬಲಕ್ಕೆ ಬಾಗುತ್ತದೆ. ಅದೇ ಟರ್ನ್-ಆಫ್, ಅಂದರೆ ಈಗ ಇಂಧನ ಮುಗಿಸುತ್ತಿರುವ ನಕ್ಷತ್ರಗಳ ತಿರುವು. ಅದರ ಮೇಲೆ ಎಡಗಡೆ ಕೆಲವು ನೀಲಿ ಚುಕ್ಕೆ ಕಾಣಿಸುತ್ತವೆ. ಇವು ಬ್ಲೂ ಸ್ಟ್ರ್ಯಾಗ್ಲರ್‌ಗಳು: ಜೊತೆಗಾರನಿಂದ ದ್ರವ್ಯ ಕಸಿದೋ, ಅದರೊಂದಿಗೆ ಸೇರಿಹೋಗಿಯೋ ಎಳೆಯವರಂತೆ ಕಾಣುವ ಮುದುಕರು. ವಯಸ್ಸಿನ ಲೆಕ್ಕಕ್ಕೆ ಇವನ್ನು ಸೇರಿಸಬೇಡಿ.

ಇನ್ನು ಇಟಲಿಯ ಪಡೋವಾದ ಪಾರ್ಸೆಕ್ ಎಂಬ ನಕ್ಷತ್ರ ಮಾದರಿಗಳ ಜಾಲಪುಟದಿಂದ 100, 400, 800 ಕೋಟಿ ವರ್ಷದ ಐಸೋಕ್ರೋನ್ ಗೆರೆಗಳನ್ನು (ಒಂದೇ ವಯಸ್ಸಿನ ನಕ್ಷತ್ರಗಳು ಚಿತ್ರದಲ್ಲಿ ಎಲ್ಲಿ ಬೀಳಬೇಕು ಎನ್ನುವ ಲೆಕ್ಕದ ಗೆರೆ) ತನ್ನಿ. ಲೋಹದ ಅಂಶ (ಇಲ್ಲಿ ಲೋಹ ಅಂದರೆ ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದೆಲ್ಲ ಧಾತುಗಳು) ಸೂರ್ಯನಷ್ಟೇ ಕೊಡಿ. ದೂರಕ್ಕಾಗಿ ಸುಮಾರು 9.7 ಪ್ರಕಾಶಾಂಕ ಕೆಳಗಿಳಿಸಿ, ಬೆಳಕನ್ನು ಮಸುಕಾಗಿಸಿ ಕೆಂಪಾಗಿಸುವ ನಡುವಿನ ಧೂಳಿಗಾಗಿ ಇನ್ನೊಂದಿಷ್ಟು ಕೆಳಕ್ಕೂ ಬಲಕ್ಕೂ ಸರಿಸಿ. 400 ಕೋಟಿಯದು ಚೆನ್ನಾಗಿ ಕೂರುತ್ತದೆ, ಅದೇ ಎಂ67ರ ವಯಸ್ಸು.

ಆಮೇಲೆ ಗೋಳಗುಚ್ಛ, ಅಂದರೆ ಮುದಿ ನಕ್ಷತ್ರಗಳು ಚೆಂಡಿನಂತೆ ಒತ್ತಾಗಿ ಸೇರಿರುವ ಗುಚ್ಛ. ಎನ್‌ಜಿಸಿ 6397 ಹತ್ತಿರದ್ದು, ತಿರುವು 16ರ ಆಸುಪಾಸು. ನಡುಭಾಗದ ಜನಜಂಗುಳಿ ಬಿಟ್ಟು ಹೊರವಲಯ ತೆಗೆದುಕೊಳ್ಳಿ. ಇದರಲ್ಲಿ ಲೋಹ ಸೂರ್ಯನ ನೂರನೇ ಒಂದು ಪಾಲು ಮಾತ್ರ. ಸೂರ್ಯನಷ್ಟು ಲೋಹದ ಗೆರೆ ಹಾಕಿದರೆ ಕೂರುವುದೇ ಇಲ್ಲ. ಒಮೆಗಾ ಸೆಂಟಾರಿ ಎಂಬ ಗುಚ್ಛ ಸದ್ಯಕ್ಕೆ ಬೇಡ, ಅದರಲ್ಲಿ ಒಂದಕ್ಕಿಂತ ಜಾಸ್ತಿ ಪೀಳಿಗೆಗಳಿವೆ.

ಗ್ಯಾಲಕ್ಸಿಯ ಕಥೆ ಬೇಕಾದರೆ ಒಂದೆರಡು ಗುಚ್ಛ ಸಾಲದು. ಹಬಲ್ ಚಿತ್ರಗಳಿಂದ 55 ಗೋಳಗುಚ್ಛಗಳ ವಯಸ್ಸು ಲೆಕ್ಕ ಹಾಕಿದ ಪಟ್ಟಿ 2013ರಲ್ಲಿ ಬಂತು. ಅದರ ವಯಸ್ಸನ್ನು ಲೋಹದ ಎದುರು ಚುಕ್ಕೆ ಹಾಕಿ ನೋಡಿ. ಎರಡು ಕವಲು ಕಾಣುತ್ತವೆ, ಅಲ್ವಾ? ಲೋಹ ಬೇಗ ಏರಿದ ಕವಲು ಬಹುಪಾಲು ಇಲ್ಲೇ ಹುಟ್ಟಿದ್ದು. ನಿಧಾನಕ್ಕೆ ಏರಿದ್ದು ಬಹುಪಾಲು ಆಕಾಶಗಂಗೆ ನುಂಗಿದ ಚಿಕ್ಕ ಗ್ಯಾಲಕ್ಸಿಗಳದ್ದು. ಅವುಗಳಲ್ಲಿ ದೊಡ್ಡದು ಗಾಯಾ-ಎನ್ಸೆಲಾಡಸ್, ಸುಮಾರು 1000 ಕೋಟಿ ವರ್ಷ ಹಿಂದೆ ಒಳಸೇರಿದ್ದು.