ಈರುಳ್ಳಿಯ ಘಾಟು ಕಣ್ಣಿಗೆ ತಾಗದಂತೆ ಹೆಚ್ಚಲು ಕಲಿತ ಬಗೆ

ಕಳೆದ ಮಳೆಗಾಲದಲ್ಲಿ ನನ್ನ ಹೆಂಡತಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಹೊಗೆ, ಧೂಳು, ಒಗ್ಗರಣೆಯ ಘಾಟು ಯಾವುದೂ ಕೆಲವು ವಾರ ತಾಗಬಾರದೆಂದು ವೈದ್ಯರು ಹೇಳಿದ್ದರಿಂದ ಅಡುಗೆಮನೆ ನನ್ನ ಪಾಲಿಗೆ ಬಂತು. ಅನ್ನ, ಸಾರು, ಪಲ್ಯ ಹೇಗೋ ಒಲಿದವು. ಒಲಿಯದೆ ಉಳಿದದ್ದು ಈರುಳ್ಳಿ. ದಾವಣಗೆರೆಯಲ್ಲಿರುವ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಮೂರು ದಿನ ಬೆಳಗಿನ ತಿಂಡಿ ಮಂಡಕ್ಕಿ ಒಗ್ಗರಣೆಯೇ. ನಾಲ್ಕು ಜನರಿಗೆ ಐದಾರು ಈರುಳ್ಳಿ ಬೇಕು, ಸಂಜೆ ಖಾರ ಮಂಡಕ್ಕಿ ಕಲಸಿದರೆ ಮತ್ತೆರಡು. ಮೊದಲ ವಾರವಂತೂ ಎರಡನೆಯ ಗಡ್ಡೆಗೇ ಕಣ್ಣು ಮಂಜಾಗಿ, ಮೂರನೆಯದನ್ನು ಅಂದಾಜಿನ ಮೇಲೆ ಹೆಚ್ಚುತ್ತಿದ್ದೆ. ಒಂದು ದಿನ ಹಸಿಮೆಣಸಿನಕಾಯಿ ಸೀಳಿದ ಕೈಯಿಂದಲೇ ಕಣ್ಣೊರೆಸಿಕೊಂಡು ಬಚ್ಚಲಿಗೆ ಓಡಿದ ಮೇಲೆ, ಇದನ್ನು ಸರಿಯಾಗಿ ಕಲಿಯದೆ ಗತ್ಯಂತರವಿಲ್ಲವೆಂದು ತಿಳಿಯಿತು.

ಇಡಿಯಾಗಿರುವ ಈರುಳ್ಳಿಯನ್ನು ಮೂಗಿಗೆ ಹಿಡಿದರೂ ಕಣ್ಣು ಉರಿಯುವುದಿಲ್ಲ. ಆ ಘಾಟು ಗಡ್ಡೆಯೊಳಗೆ ಸಿದ್ಧವಾಗಿ ಕುಳಿತಿರುವುದಿಲ್ಲ, ನಾವು ಕೊಯ್ದಾಗ ಹುಟ್ಟುತ್ತದೆ. ಈರುಳ್ಳಿಯ ಜೀವಕೋಶದಲ್ಲಿ ಗಂಧಕವಿರುವ ಸಂಯುಕ್ತಗಳು ಒಂದು ಕಡೆ, ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಬೇರೆಬೇರೆಯಾಗಿರುತ್ತವೆ. ಕೋಶ ಒಡೆದೊಡನೆ ಅವೆರಡೂ ಬೆರೆಯುತ್ತವೆ, ಹಾಗೆ ಬೆರೆತು ಆದದ್ದನ್ನು ಮತ್ತೊಂದು ಕಿಣ್ವವು ಸಿನ್-ಪ್ರೊಪೇನ್‌ಥಯಾಲ್-ಎಸ್-ಆಕ್ಸೈಡ್ ಎಂಬ ಸುಲಭವಾಗಿ ಆವಿಯಾಗುವ ವಸ್ತುವಾಗಿ ಮಾರ್ಪಡಿಸುತ್ತದೆ. ಈ ಎರಡನೆಯ ಕಿಣ್ವವನ್ನು ಜಪಾನಿನ ಸಂಶೋಧಕರು 2002ರಲ್ಲಿ ಗುರುತಿಸಿದರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆಂದು ಕೊಡುವ ಇಗ್ ನೊಬೆಲ್ ಪ್ರಶಸ್ತಿ 2013ರಲ್ಲಿ ಅವರಿಗೆ ಬಂತು. ಆ ಆವಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ನರಗಳನ್ನು ಕೆಣಕುತ್ತದೆ, ಕಣ್ಣು ಅದನ್ನು ತೊಳೆದುಹಾಕಲು ನೀರು ಸುರಿಸುತ್ತದೆ. ಇಷ್ಟು ಗೊತ್ತಾದ ಮೇಲೆ ಯಾರು ಯಾವ ಉಪಾಯ ಹೇಳಿದರೂ ನಾನು ಕೇಳಿಕೊಂಡ ಪ್ರಶ್ನೆ ಎರಡೇ: ಇದರಿಂದ ಆವಿ ಹುಟ್ಟುವುದು ಕಡಿಮೆಯಾಗುತ್ತದೆಯೇ, ಹುಟ್ಟಿದ್ದು ಕಣ್ಣಿಗೆ ಮುಟ್ಟುವುದು ತಪ್ಪುತ್ತದೆಯೇ?

ನಮ್ಮ ಮನೆಯ ಈಳಿಗೆ ಹಳೆಯದು, ಕಬ್ಬಿಣದ್ದು. ಹೆಂಡತಿ ಅದರ ಮುಂದೆ ಕುಳಿತು ನಿರಾಯಾಸವಾಗಿ ಹೆಚ್ಚುತ್ತಿದ್ದಳು. ನಾನು ಕುಳಿತಾಗ, ಬೆರಳು ಕೊಯ್ದೀತೆಂಬ ಭಯಕ್ಕೆ ಮುಖವನ್ನು ಅಲಗಿನ ನೇರಕ್ಕೆ ತಂದುಕೊಳ್ಳುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವಳು, “ಅಷ್ಟ್ಯಾಕೆ ಬಗ್ತೀರಿ, ಉಳ್ಳಾಗಡ್ಡಿ ಏನು ಓಡಿ ಹೋಗ್ತತಾ?” ಎಂದಳು. ಅವಳ ಮಾತಿನಲ್ಲಿಯೇ ಅರ್ಧ ಪರಿಹಾರವಿತ್ತು. ಈಳಿಗೆಯ ಅಭ್ಯಾಸವಿಲ್ಲದವನಿಗೆ ಅಡುಗೆಕಟ್ಟೆಯ ಮೇಲೆ ಮಣೆಯಿಟ್ಟು, ನಿಂತುಕೊಂಡು, ಚಾಕುವಿನಿಂದ ಹೆಚ್ಚುವುದೇ ಮೇಲು. ಕೈಗೂ ಕಣ್ಣಿಗೂ ಒಂದೂವರೆ ಅಡಿಯಷ್ಟು ಅಂತರ ತಾನಾಗಿಯೇ ಉಳಿಯುತ್ತದೆ.

ಆದರೆ ನಮ್ಮ ಚಾಕು ಮೊಂಡಾಗಿತ್ತು. ಮೊಂಡು ಚಾಕು ಈರುಳ್ಳಿಯನ್ನು ಕೊಯ್ಯುವುದಕ್ಕಿಂತ ಹೆಚ್ಚಾಗಿ ಜಜ್ಜುತ್ತದೆ. ಪದರಗಳು ಜಾರುತ್ತವೆ, ಮಣೆಯ ಮೇಲೆ ಹಾಲಿನಂಥ ರಸ ನಿಲ್ಲುತ್ತದೆ. ಆ ರಸವೆಂದರೆ ಒಡೆದ ಕೋಶಗಳೇ. ಸೈಕಲ್ಲಿನ ಮೇಲೆ ಸಾಣೆಕಲ್ಲು ಕಟ್ಟಿಕೊಂಡು ಬೀದಿಗೆ ಬರುವವನ ಬಳಿ ಚಾಕುವಿಗೆ ಸಾಣೆ ಹಿಡಿಸಿದ ಮರುದಿನವೇ ವ್ಯತ್ಯಾಸ ಕಂಡಿತು. ಮಣೆ ಬಹುಮಟ್ಟಿಗೆ ಒಣಗಿಯೇ ಇತ್ತು, ನಾಲ್ಕನೆಯ ಈರುಳ್ಳಿಯವರೆಗೆ ಕಣ್ಣು ಸುಮ್ಮನಿತ್ತು. ನಾನು ಮಾಡಿದ ಎಲ್ಲ ಪ್ರಯೋಗಗಳಲ್ಲಿ ಇದಕ್ಕಿಂತ ದೊಡ್ಡ ಗುಣ ಕೊಟ್ಟದ್ದು ಇನ್ನೊಂದಿಲ್ಲ. ದಾರ ಎಳೆದು ಹೆಚ್ಚುವ ಪ್ಲಾಸ್ಟಿಕ್ ಡಬ್ಬಿಯನ್ನೂ ತಂದು ನೋಡಿದೆ. ಮುಚ್ಚಳ ಹಾಕಿರುವ ತನಕ ಸುಖ, ತೆಗೆದಾಗ ಒಳಗೆ ಕೂಡಿದ್ದ ಘಾಟೆಲ್ಲ ಒಮ್ಮೆಲೇ ಮುಖಕ್ಕೆ ಹೊಡೆಯುತ್ತದೆ. ಮೇಲಾಗಿ ಮಂಡಕ್ಕಿ ಒಗ್ಗರಣೆಗೆ ಬೇಕಾದ ಉದ್ದನೆಯ ಎಸಳು ಅದರಲ್ಲಿ ಬರುವುದೇ ಇಲ್ಲ.

ಈಗ ನಾನು ಹೆಚ್ಚುವ ಕ್ರಮ ಹೀಗಿದೆ. ಮೇಲಿನ ತುದಿಯನ್ನಷ್ಟೇ ಕತ್ತರಿಸಿ, ಬೇರಿನ ಬುಡವನ್ನು ಹಾಗೆಯೇ ಬಿಟ್ಟು, ಗಡ್ಡೆಯನ್ನು ಬುಡದ ಮೂಲಕ ಎರಡು ಹೋಳು ಮಾಡಿ ಸಿಪ್ಪೆ ತೆಗೆಯುತ್ತೇನೆ. ಒಂದು ಹೋಳನ್ನು ಹೆಚ್ಚುವಾಗ ಇನ್ನೊಂದರ ಕೊಯ್ದ ಮುಖ ಮಣೆಗೆ ಅಂಟಿಕೊಂಡಿರುವಂತೆ ಬೋರಲಾಗಿ ಇಡುತ್ತೇನೆ. ಚಾಕುವನ್ನು ಮೇಲಿನಿಂದ ಒತ್ತದೆ, ಮುಂದಕ್ಕೆ ಜಾರಿಸುತ್ತ ಉದ್ದಕ್ಕೆ ಸೀಳುತ್ತೇನೆ. ಸೀಳು ಬುಡದವರೆಗೆ ಹೋಗಿ ನಿಲ್ಲಬೇಕು, ಬುಡವನ್ನು ದಾಟಬಾರದು. ಆಗ ಎಸಳುಗಳೆಲ್ಲ ಬುಡ ಹಿಡಿದುಕೊಂಡಿರುವುದರಿಂದ ಗಡ್ಡೆ ಚೆದುರುವುದಿಲ್ಲ. ಖಾರ ಮಂಡಕ್ಕಿಗೆ ಸಣ್ಣಗೆ ಬೇಕಿದ್ದರೆ ಅಡ್ಡಕ್ಕೆ ಕೊಯ್ಯುತ್ತೇನೆ, ಒಗ್ಗರಣೆಗಾದರೆ ಕೊನೆಯಲ್ಲಿ ಬುಡವೊಂದನ್ನು ತೆಗೆದರೆ ಸಾಕು. ಹೆಚ್ಚಿದ್ದನ್ನು ಮಣೆಯ ಮೇಲೆ ರಾಶಿ ಹಾಕದೆ ಪಾತ್ರೆಗೆ ಸುರಿದು ತಟ್ಟೆ ಮುಚ್ಚುತ್ತೇನೆ, ಏಕೆಂದರೆ ಹೆಚ್ಚಿ ಮುಗಿದ ಹೋಳಿನಿಂದಲೂ ಆವಿ ಏಳುತ್ತಲೇ ಇರುತ್ತದೆ.

ಗಾಳಿಯ ವಿಚಾರದಲ್ಲಿ ನಾನು ಬಹಳ ದಿನ ತಪ್ಪು ಮಾಡಿದೆ. ಒಲೆ ಆರುತ್ತದೆಂದು ಅಡುಗೆಮನೆಯಲ್ಲಿ ಫ್ಯಾನ್ ಹಾಕುವ ರೂಢಿ ನಮ್ಮಲ್ಲಿಲ್ಲ, ಕಿಟಕಿಯೂ ಮುಚ್ಚಿರುತ್ತಿತ್ತು. ಒಮ್ಮೆ ಟೇಬಲ್ ಫ್ಯಾನನ್ನು ಎದುರಿಗೇ ಇಟ್ಟುಕೊಂಡೆ. ಅದು ಘಾಟನ್ನೆಲ್ಲ ತಂದು ನನ್ನ ಕಣ್ಣಿಗೇ ತುಂಬಿತು. ಈಗ ಒಲೆ ಹಚ್ಚುವ ಮೊದಲೇ, ಕಿಟಕಿ ತೆರೆದು, ಫ್ಯಾನನ್ನು ಪಕ್ಕದಲ್ಲಿಟ್ಟು, ಗಾಳಿ ಮಣೆಯ ಮೇಲೆ ಹಾದು ಕಿಟಕಿಯಿಂದ ಆಚೆ ಹೋಗುವಂತೆ ಮಾಡಿಕೊಂಡು ಹೆಚ್ಚುತ್ತೇನೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವ ನನ್ನ ಮಗಳು ಯಾವ ಏರ್ಪಾಟೂ ಇಲ್ಲದೆ ನನ್ನ ಪಕ್ಕದಲ್ಲೇ ನಿಂತು ಹೆಚ್ಚುತ್ತಾಳೆ, ಒಂದು ಹನಿಯೂ ಬರುವುದಿಲ್ಲ. ಕಾರ್ನಿಯಾಕ್ಕೆ ಮರೆಯಿದ್ದರೆ ಸಾಕೆಂಬುದಕ್ಕೆ ಬೇರೆ ಸಾಕ್ಷಿ ನನಗೆ ಬೇಕಾಗಲಿಲ್ಲ.

ಸಿಪ್ಪೆ ತೆಗೆದ ಹೋಳನ್ನು ನೀರಿನಲ್ಲಿಡುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ಅದರಿಂದ ಘಾಟು ತಗ್ಗುವುದು ನಿಜ, ಆದರೆ ನಮ್ಮ ಊರಿನ ತಿಂಡಿಗಳಿಗೆ ಅದು ಒಗ್ಗದು. ಒದ್ದೆ ಈರುಳ್ಳಿ ಬಿಸಿ ಎಣ್ಣೆಯಲ್ಲಿ ಸಿಡಿಯುತ್ತದೆ, ಖಾರ ಮಂಡಕ್ಕಿಯ ಗರಿಗರಿಯನ್ನಂತೂ ಎರಡೇ ನಿಮಿಷದಲ್ಲಿ ಕೆಡಿಸುತ್ತದೆ. ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡುವುದು ಅದಕ್ಕಿಂತ ವಾಸಿ. ತಣ್ಣಗಾದಾಗ ಕಿಣ್ವಗಳ ಕೆಲಸ ನಿಧಾನವಾಗುತ್ತದೆ. ನಮ್ಮ ಅಜ್ಜಿ ಹೆಚ್ಚುವಾಗ ತಲೆಯ ಮೇಲೆ ಈರುಳ್ಳಿ ಸಿಪ್ಪೆ ಇಟ್ಟುಕೊಳ್ಳುತ್ತಿದ್ದರು. ನಗುತ್ತಲೇ ನಾನೂ ಇಟ್ಟುಕೊಂಡು ನೋಡಿದೆ, ಕಣ್ಣೀರು ಕಡಿಮೆಯಾಯಿತು! ಸಿಪ್ಪೆ ಬೀಳದಿರಲೆಂದು ಕತ್ತನ್ನು ನೆಟ್ಟಗೆ ಹಿಡಿದಿದ್ದರಿಂದ ಮುಖ ಮಣೆಯಿಂದ ದೂರವಿತ್ತೆಂಬುದು ಆಮೇಲೆ ಹೊಳೆಯಿತು.

ಇಷ್ಟಾದರೂ ಗಡ್ಡೆಯ ಗುಣ ನಮ್ಮ ಕೈಯಲ್ಲಿಲ್ಲ. ಮಣ್ಣಿನಲ್ಲಿ ಗಂಧಕ ಹೆಚ್ಚಿದ್ದಷ್ಟೂ, ಬೆಳೆಗೆ ನೀರು ಕಡಿಮೆಯಾದಷ್ಟೂ ಈರುಳ್ಳಿಯ ಖಾರ ಏರುತ್ತದೆ. ಜಗಳೂರು, ಚಳ್ಳಕೆರೆ, ಹಿರಿಯೂರಿನ ಕಡೆ ಮುಂಗಾರು ಮಳೆಯನ್ನೇ ನಂಬಿ ಬೆಳೆದ ಸಣ್ಣ, ಗಟ್ಟಿ ಗಡ್ಡೆ ಚೀಲಕ್ಕೆ ಬಂದ ವಾರ ನನ್ನ ಚಾಕು, ಫ್ಯಾನು ಎರಡೂ ಆರನೆಯ ಈರುಳ್ಳಿಗೆ ಸೋಲುತ್ತವೆ. ಅಂಥ ದಿನ ಕೈ ತೊಳೆದು, ತಣ್ಣೀರಿನಿಂದ ಕಣ್ಣು ತೊಳೆದು, ಐದು ನಿಮಿಷ ಜಗಲಿಯಲ್ಲಿ ನಿಂತು ಬರುತ್ತೇನೆ. ಹೆಂಡತಿಯ ಕಣ್ಣು ಈಗ ಪೂರ್ತಿ ಗುಣವಾಗಿದೆ, ಅಡುಗೆಮನೆಯನ್ನು ಅವಳು ಮರಳಿ ವಹಿಸಿಕೊಂಡಿದ್ದಾಳೆ. ಈರುಳ್ಳಿಯನ್ನು ಮಾತ್ರ ನನಗೇ ಬಿಟ್ಟಿದ್ದಾಳೆ.