ಬನಿಯನ್‌ನ ರೂಪಕದಲ್ಲಿ ಪಾಪವನ್ನು ಓದುವ ಬಗೆ

ಇಂಗ್ಲಿಷ್ ಧರ್ಮಬೋಧಕ ಜಾನ್ ಬನಿಯನ್‌ನ ರೂಪಕಕಥೆ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ (ಮೊದಲ ಭಾಗ, 1678) ಓದಲು ಕೂರುವಾಗ ಪಕ್ಕದಲ್ಲಿ ಬೈಬಲ್ ಇರಲಿ. ಅಂಚಿನಲ್ಲಿರುವ ಬೈಬಲ್ ವಚನಸಂಖ್ಯೆಗಳನ್ನು ಕೈಬಿಟ್ಟ ಮುದ್ರಣ ಬೇಡ. ಅರ್ಧ ಅರ್ಥ ಅಲ್ಲೇ ಇದೆ.

ಮೊದಲು, ಸ್ವರ್ಗದ ನಗರಕ್ಕೆ ಹೊರಟ ಕಥಾನಾಯಕ ‘ಕ್ರಿಶ್ಚಿಯನ್’ನ ಬೆನ್ನ ಮೇಲಿನ ಹೊರೆಯೊಂದನ್ನೇ, ಅಂದರೆ ಅವನ ಪಾಪವನ್ನೇ, ಹಿಂಬಾಲಿಸಿ, ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋಗಿ. ಹತಾಶೆಯ ಕೆಸರಿನಲ್ಲಿ ಅದರ ಭಾರಕ್ಕೇ ಮುಳುಗತೊಡಗುತ್ತಾನೆ. ಮೋಶೆಗೆ ದೇವರ ಕಟ್ಟಳೆಗಳು ದೊರೆತ ಸಿನಾಯಿ ಬೆಟ್ಟದ ಬಳಿ ಅದು ಇನ್ನಷ್ಟು ಭಾರ. ಯಾತ್ರೆಯ ದಾರಿಗೆ ಪ್ರವೇಶವಾದ ಕಿರುಬಾಗಿಲು ದಾಟಿದರೂ ಇಳಿಯದು; ಶಿಲುಬೆಯ ಎದುರು ತಾನಾಗಿ ಕಳಚಿ, ಉರುಳಿ ಸಮಾಧಿಯೊಳಗೆ ಬೀಳುತ್ತದೆ.

ಆಮೇಲೆ ಹಿಂದಕ್ಕೆ ತಿರುಗಿ, ಶಿಲುಬೆಗಿಂತ ಮೊದಲೇ ಬರುವ ಇಂಟರ್‌ಪ್ರಿಟರ್‌ನ (ಅರ್ಥ ಬಿಡಿಸಿ ಹೇಳುವವನ) ಮನೆಯ ಧೂಳಿನ ಕೋಣೆಯನ್ನು ನಿಧಾನವಾಗಿ ಓದಿ. ಇಡೀ ಪುಸ್ತಕದಲ್ಲಿ ಇಷ್ಟು ಬಿಗಿಯಾದ ರೂಪಕ ಇನ್ನೊಂದಿಲ್ಲ. ಒಬ್ಬ ಗುಡಿಸುತ್ತಾನೆ, ಧೂಳೆದ್ದು ಕ್ರಿಶ್ಚಿಯನ್‌ಗೆ ಉಸಿರು ಕಟ್ಟುತ್ತದೆ. ಹುಡುಗಿಯೊಬ್ಬಳು ನೀರು ಚಿಮುಕಿಸಿದ ಮೇಲೆ ಗುಡಿಸಿದರೆ ಕೋಣೆ ಶುಚಿ. ಕೋಣೆ ಹೃದಯ, ಧೂಳು ಜನ್ಮಪಾಪ (ಹುಟ್ಟಿನಿಂದಲೇ ಬಂದ ಪಾಪ), ಗುಡಿಸುವವನು ಧರ್ಮಶಾಸ್ತ್ರ (ಮೋಶೆಯ ಕಟ್ಟಳೆಗಳು), ಹುಡುಗಿ ಸುವಾರ್ತೆ (ಯೇಸುವಿನ ಶುಭಸಂದೇಶ). ಗುಡಿಸುವವನನ್ನು ಖಳನೆಂದು ಓದಿದರೆ ಲೆಕ್ಕ ತಪ್ಪುತ್ತದೆ: ಧರ್ಮಶಾಸ್ತ್ರ ಪಾಪವನ್ನು ತೋರಿಸುತ್ತದೆ, ಕೆರಳಿಸುತ್ತದೆ, ಗೆಲ್ಲುವ ಬಲವನ್ನಷ್ಟೇ ಕೊಡದು. ಬೈಬಲ್‌ನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯವನ್ನು ಇಲ್ಲಿ ಜೊತೆಗಿಟ್ಟು ಓದಿ.

ಹೊರೆ ಬಿದ್ದಲ್ಲಿಗೆ ಪಾಪದ ಕಥೆ ಮುಗಿಯಿತೆಂದುಕೊಳ್ಳುವುದು ಇನ್ನೊಂದು ತಪ್ಪು. ಕ್ರಿಶ್ಚಿಯನ್ ದಾರಿ ತಪ್ಪಿ ಸಂದೇಹದ ಕೋಟೆಯಲ್ಲಿ ಸೆರೆಯಾಗುವುದು ಆಮೇಲೆಯೇ. 1684ರ ಎರಡನೇ ಭಾಗವನ್ನು ಸದ್ಯಕ್ಕೆ ಬದಿಗಿಡಬಹುದು.